ಹಗುರ ಬಾಣ, ಆದರೆ ಎಷ್ಟು ಹಗುರ? ರಿಕರ್ವ್ ಬಿಲ್ಲಿನ ಬೇಟೆಗೆ ಬಾಣ ಆರಿಸುವ ಕ್ರಮ

ನಲವತ್ತೋ ನಲವತ್ತೈದೋ ಪೌಂಡ್ ಸೆಳೆತದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲಿಗೆ 550 ಗ್ರೇನ್ (ಸುಮಾರು 36 ಗ್ರಾಂ) ತೂಕದ ಬಾಣವನ್ನು ಹೂಡಿ 25 ಗಜ ದೂರದ ಗುರಿಗೆ ಬಿಟ್ಟವರಿಗೆ, ಅದು ಕಮಾನಿನಂತೆ ಮೇಲೇರಿ ಇಳಿಯುವುದು ಬರಿಗಣ್ಣಿಗೇ ಕಾಣುತ್ತದೆ. ದೂರದ ಅಂದಾಜಿನಲ್ಲಿ ಮೂರು ಗಜ ತಪ್ಪಿದರೂ ಬಾಣ ಜಿಂಕೆಯ ಹೊಟ್ಟೆಯ ಕೆಳಗೆ ನೆಲಕ್ಕೆ ನಾಟಬಹುದು, ಇಲ್ಲವೇ ಬೆನ್ನಿನ ಮೇಲೆ ಹಾದುಹೋಗಬಹುದು. ಹೀಗಾದಾಗ ಜೊತೆಯ ಬಿಲ್ಲುಗಾರರು ಕೊಡುವ ಮೊದಲ ಸಲಹೆ ಹಗುರವಾದ ಬಾಣಕ್ಕೆ ಬದಲಾಯಿಸಿ ಎಂಬುದು. ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಬಾಣದ ಯಾವ ಭಾಗವನ್ನು ಹಗುರ ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಹೇಳದೆ ಬರಿದೇ ಹಗುರ ಬಾಣ ಎಂದರೆ, ಬಿಲ್ಲಿಗೂ ಪೆಟ್ಟು, ಪ್ರಾಣಿಗೂ ಅನ್ಯಾಯ.

ಮುಂದುವರಿಯುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ; ಬಿಲ್ಲಾದರೂ ಬಂದೂಕಾದರೂ ಅದರಲ್ಲಿ ವ್ಯತ್ಯಾಸವಿಲ್ಲ. ಬ್ರಿಟನ್ನಿನಲ್ಲಿ 1981ರ ಕಾಯ್ದೆ ಬಿಲ್ಲಿನಿಂದ ಕಾಡುಪ್ರಾಣಿಗಳನ್ನು ಕೊಲ್ಲುವುದನ್ನು ನಿಷೇಧಿಸಿದೆ, ಜರ್ಮನಿಯಲ್ಲಿಯೂ ಬಿಲ್ಲು ಬೇಟೆಗೆ ಅನುಮತಿಯಿಲ್ಲ. ಈ ಬರಹ ಇರುವುದು ಅಮೆರಿಕದಂತಹ, ಪರವಾನಗಿ ಪಡೆದು ನಿಗದಿತ ಋತುವಿನಲ್ಲಿ ಬಿಲ್ಲಿನಿಂದ ಬೇಟೆಯಾಡಬಹುದಾದ ಕಡೆ ನೆಲೆಸಿರುವ ಕನ್ನಡಿಗರಿಗಾಗಿ. ಇಲ್ಲಿನ ಉದಾಹರಣೆಗಳೆಲ್ಲ ಪೆನ್ಸಿಲ್ವೇನಿಯ, ಮಿಷಿಗನ್ ಮುಂತಾದ ರಾಜ್ಯಗಳ ಓಕ್ ಕಾಡುಗಳಲ್ಲಿ ಸಿಗುವ ಬಿಳಿಬಾಲದ ಜಿಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ತೂಕದ ಲೆಕ್ಕ

ಬಾಣವನ್ನು ತೂಗುವ ಮಾನ ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ 120 ಮಿಲಿಗ್ರಾಂ ತೂಗುವುದರಿಂದ, ಗ್ರೇನ್ ಎಂದರೆ ಅರ್ಧ ಗುಲಗಂಜಿ ಎಂದು ನೆನಪಿಟ್ಟುಕೊಂಡರೆ ಕೈಗೆ ಅದರ ಅಂದಾಜು ಸಿಗುತ್ತದೆ. ಚಿನ್ನ ತೂಗಲು ಬಳಸುವಂತಹ ಸಣ್ಣ ವಿದ್ಯುನ್ಮಾನ ತಕ್ಕಡಿ ಗ್ರೇನ್‌ನಲ್ಲಿಯೂ ತೂಕ ತೋರಿಸುತ್ತಿದ್ದರೆ ಸಾಕು, ಬೇರೆ ಸಾಧನ ಬೇಡ.

ಬಾಣ ಹಗುರವೋ ಭಾರವೋ ಎಂಬುದು ಅದರ ತೂಕವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಬಿಲ್ಲಿನ ಸೆಳೆತದ ಪ್ರತಿ ಪೌಂಡಿಗೆ ಬಾಣದ ಎಷ್ಟು ಗ್ರೇನ್ ಬೀಳುತ್ತದೆ ಎಂಬುದೇ ಅಳತೆಗೋಲು. 450 ಗ್ರೇನಿನ ಬಾಣ 45 ಪೌಂಡಿನ ಬಿಲ್ಲಿಗೆ ಪೌಂಡಿಗೆ 10 ಗ್ರೇನ್ ಆಯಿತು. ಅದೇ ಬಾಣ 60 ಪೌಂಡಿನ ಬಿಲ್ಲಿಗೆ ಏಳೂವರೆ ಮಾತ್ರ. ಸಾಂಪ್ರದಾಯಿಕ ಬಿಲ್ಲುಗಾರರ ನಡುವೆ 10ರ ಆಸುಪಾಸು ಮಧ್ಯಮ, 11ರಿಂದ ಮೇಲೆ ಭಾರ, 9ಕ್ಕಿಂತ ಕೆಳಗೆ ಹಗುರ ಎಂಬುದು ರೂಢಿಯ ಮಾತು.

ಈ ಲೆಕ್ಕಕ್ಕೆ ಬಿಲ್ಲಿನ ಮೇಲೆ ಬರೆದಿರುವ ತೂಕವನ್ನು ನಂಬಬಾರದು. ತಯಾರಕರು ಬರೆಯುವುದು 28 ಅಂಗುಲದ ಸೆಳೆತಕ್ಕೆ ಎಷ್ಟು ತೂಕ ಎಂಬುದನ್ನು, ಅಂದರೆ ಹೆದೆಯಿಂದ ಹಿಡಿಕೆಯ ಅತ್ಯಂತ ಒಳಗಿನ ಬಿಂದುವಿನವರೆಗೆ 26¼ ಅಂಗುಲ, ಅದಕ್ಕೆ ಕೂಡಿಸಿದ 1¾ ಅಂಗುಲ. ನಮ್ಮಲ್ಲಿ ಅನೇಕರ ಸೆಳೆತ 26 ಅಥವಾ 27 ಅಂಗುಲಕ್ಕೇ ಮುಗಿಯುತ್ತದೆ. ಅಂಗುಲವೊಂದಕ್ಕೆ ಎರಡರಿಂದ ಮೂರು ಪೌಂಡ್ ವ್ಯತ್ಯಾಸವಾಗುವುದರಿಂದ, 45 ಎಂದು ಬರೆದಿರುವ ಬಿಲ್ಲು ಇಪ್ಪತ್ತಾರೂವರೆ ಅಂಗುಲ ಸೆಳೆಯುವವರ ಕೈಯಲ್ಲಿ 41 ಪೌಂಡಿನ ಬಿಲ್ಲಾಗಿರುತ್ತದೆ. ಗೆಳೆಯರೊಬ್ಬರನ್ನು ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ಸೆಳೆದಾಗ ಬಾಣದ ಮೇಲೆ ಗುರುತು ಹಾಕಿಸಿಕೊಂಡು, ಆ ಉದ್ದಕ್ಕೆ ಬಿಲ್ಲು ಎಷ್ಟು ತೂಗುತ್ತದೆ ಎಂಬುದನ್ನು ಕೊಕ್ಕೆಯ ತಕ್ಕಡಿಯಲ್ಲಿ ನೋಡಿ. ಮುಂದಿನ ಎಲ್ಲ ಲೆಕ್ಕಕ್ಕೂ ಈ ಅಂಕಿಯೇ ಆಧಾರ.

ಹಗುರದಿಂದ ಸಿಗುವುದೇನು, ಹೋಗುವುದೇನು

45 ಪೌಂಡಿನ ಒಂದು ರಿಕರ್ವ್ ಬಿಲ್ಲು 450 ಗ್ರೇನಿನ ಬಾಣವನ್ನು ಸೆಕೆಂಡಿಗೆ 170 ಅಡಿ ವೇಗದಲ್ಲಿಯೂ 360 ಗ್ರೇನಿನ ಬಾಣವನ್ನು 185 ಅಡಿ ವೇಗದಲ್ಲಿಯೂ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಬಿಲ್ಲಿನಿಂದ ಬಿಲ್ಲಿಗೆ ಈ ಅಂಕಿಗಳು ಬದಲಾಗುತ್ತವೆ, ಆದರೆ ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 15 ಗಜ ದೂರ ಸಾಗುವಷ್ಟರಲ್ಲಿ ಭಾರದ ಬಾಣ ಸುಮಾರು 13½ ಅಂಗುಲ ಕೆಳಗಿಳಿಯುತ್ತದೆ, ಹಗುರ ಬಾಣ 11½ ಅಂಗುಲ. 20 ಗಜಕ್ಕೆ ಇದು 24 ಮತ್ತು 20 ಅಂಗುಲವಾಗುತ್ತದೆ, 30 ಗಜಕ್ಕೆ 54 ಮತ್ತು 46. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳು ಸೇರಿದ ಮರ್ಮಸ್ಥಾನ ಎಂಟು ಹತ್ತು ಅಂಗುಲ ಅಗಲದ್ದು. ಆದ್ದರಿಂದ 15 ಗಜದೊಳಗೆ ಹಗುರ ಬಾಣದ ಲಾಭ ಎರಡು ಅಂಗುಲವಷ್ಟೇ, ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. 20ರಿಂದ 25 ಗಜದ ನಡುವೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. 30 ಗಜದಲ್ಲಿ ಉಳಿತಾಯ ಇನ್ನೂ ದೊಡ್ಡದಾಗಿ ಕಂಡರೂ, ಯಾವ ಬಾಣ ಹೂಡಿದರೂ ನಾಲ್ಕು ಅಡಿಯ ಇಳಿತವನ್ನು ಕಣ್ಣಂದಾಜಿನಲ್ಲಿ ನಿಭಾಯಿಸಬೇಕಾಗುವುದರಿಂದ, ಅಷ್ಟು ದೂರಕ್ಕೆ ಇಂತಹ ಬಿಲ್ಲಿನಿಂದ ಜಿಂಕೆಗೆ ಬಾಣ ಬಿಡದಿರುವುದೇ ಲೇಸು.

ಇನ್ನು ಕಳೆದುಕೊಳ್ಳುವುದರ ಕಡೆಗೆ ಬರೋಣ. ಗ್ರೇನ್ ತೂಕವನ್ನು ವೇಗದ ವರ್ಗದಿಂದ ಗುಣಿಸಿ 450240ರಿಂದ ಭಾಗಿಸಿದರೆ ಬಾಣದ ಚಲನಶಕ್ತಿ ಅಡಿ-ಪೌಂಡ್‌ಗಳಲ್ಲಿ ಸಿಗುತ್ತದೆ. ಮೇಲಿನ ಭಾರದ ಬಾಣಕ್ಕೆ ಅದು ಸುಮಾರು 29, ಹಗುರದ್ದಕ್ಕೆ 27. ವ್ಯತ್ಯಾಸ ದೊಡ್ಡದಲ್ಲ. ಆದರೆ ತೂಕವನ್ನು ಬರೀ ವೇಗದಿಂದ ಗುಣಿಸಿ ಬರುವ ಸಂವೇಗವನ್ನು ನೋಡಿದರೆ ಭಾರದ ಬಾಣ ಶೇಕಡಾ 15ರಷ್ಟು ಮುಂದಿದೆ. ಚರ್ಮ, ಮಾಂಸ, ಪಕ್ಕೆಲುಬುಗಳನ್ನು ಸೀಳಿಕೊಂಡು ಆಚೆ ಬದಿಗೆ ಹೊರಬರುವ ಕೆಲಸದಲ್ಲಿ ಈ ಸಂವೇಗದ್ದೇ ಮೇಲುಗೈ.

ಅಲ್ಲದೆ, ಸೆಳೆದ ಬಿಲ್ಲಿನ ತೋಳುಗಳಲ್ಲಿ ತುಂಬಿದ ಶಕ್ತಿಯಲ್ಲಿ ಬಾಣ ಹೊತ್ತೊಯ್ಯದೆ ಬಿಟ್ಟದ್ದೆಲ್ಲ ಬಿಲ್ಲಿನಲ್ಲಿಯೇ ನಡುಕವಾಗಿ, ಸದ್ದಾಗಿ ಉಳಿಯುತ್ತದೆ. ಬಾಣ ಹಗುರವಾದಷ್ಟೂ ಈ ಉಳಿಕೆ ಹೆಚ್ಚು. ಇದರ ಕೊನೆಯ ಹಂತವೇ ಬಾಣವಿಲ್ಲದೆ ಬರಿ ಹೆದೆಯನ್ನು ಸೆಳೆದು ಬಿಡುವುದು. ಹಾಗೆ ಮಾಡಿ ತೋಳು ಸೀಳಿದ ಬಿಲ್ಲುಗಳನ್ನು ಕಂಡವರು ಮತ್ತೆ ಆ ತಪ್ಪು ಮಾಡುವುದಿಲ್ಲ. ತೀರ ಹಗುರ ಬಾಣವೂ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಅದನ್ನೇ ಮಾಡುತ್ತದೆ. ಇದಕ್ಕಾಗಿಯೇ ಬಿಲ್ಲು ತಯಾರಕರು ಪೌಂಡಿಗೆ ಕನಿಷ್ಠ ಇಷ್ಟು ಗ್ರೇನ್ ಎಂದು ತಮ್ಮ ಖಾತರಿ ಪತ್ರದಲ್ಲಿ ನಮೂದಿಸುತ್ತಾರೆ. ಅದು 7 ಇರಬಹುದು, 8 ಇರಬಹುದು, 9 ಕೂಡ ಇರಬಹುದು. ಕೊಂಡ ಬಿಲ್ಲಿನ ಪತ್ರವನ್ನು ತೆರೆದು ಓದಿ. ದಶಕಗಳ ಹಿಂದಿನ, ಡ್ಯಾಕ್ರಾನ್ ಎಂಬ ಹಿಗ್ಗುವ ನೂಲಿನ ಹೆದೆಗೆಂದೇ ಮಾಡಿದ ಬಿಲ್ಲು ಕೈಗೆ ಬಂದಿದ್ದರೆ 10ಕ್ಕಿಂತ ಕೆಳಗಿಳಿಯಬೇಡಿ, ಹೊಸ ಬಗೆಯ ಹಿಗ್ಗದ ನೂಲಿನ ಹೆದೆಯನ್ನೂ ಅದಕ್ಕೆ ಏರಿಸಬೇಡಿ. ಒಂದೇ ಮರದ ತುಂಡಿನಿಂದ ಕೆತ್ತಿದ ಬಿಲ್ಲಿಗೂ ಇದೇ ಮಾತು.

ಸದ್ದಿನ ವಿಷಯವನ್ನು ಹೊಸಬರು ಸಾಕಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಸಾಗುತ್ತದೆ. 20 ಗಜ ದೂರದ ಜಿಂಕೆಯ ಕಿವಿಗೆ ಹೆದೆಯ ಸದ್ದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಮುಟ್ಟಿದರೆ, ಬಾಣ ಮುಟ್ಟಲು ಸುಮಾರು ಮೂರನೆಯ ಒಂದು ಭಾಗ ಬೇಕು. ಈ ನಡುವೆ, ಓಡಲು ಅಣಿಯಾಗುವ ಜಿಂಕೆ ಕಾಲು ಮಡಿಸಿ ದೇಹವನ್ನು ಕೆಳಕ್ಕೆ ತಗ್ಗಿಸುತ್ತದೆ, ಬಾಣ ಬೆನ್ನಿನ ಮೇಲೆ ಹಾದುಹೋಗುತ್ತದೆ. 450ರಿಂದ 360 ಗ್ರೇನಿಗೆ ಇಳಿದು ನಾವು ಉಳಿಸಿದ ಸಮಯ ಸೆಕೆಂಡಿನ ನೂರರಲ್ಲಿ ಮೂರು ಭಾಗ. ಅಷ್ಟನ್ನು ಉಳಿಸಲು ಹೋಗಿ ಬಿಲ್ಲು 'ಠಪ್' ಎಂದು ಹೊಡೆದುಕೊಳ್ಳುವಂತೆ ಮಾಡಿಕೊಂಡರೆ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಮೊದಲ ವರ್ಷ ನಾನು ಮಾಡಿದ್ದು ಇದನ್ನೇ. ಪೌಂಡಿಗೆ 7ಕ್ಕೆ ಇಳಿಸಿದ ಬಾಣ ಗುರಿಹಲಗೆಯಲ್ಲಿ ಸೊಗಸಾಗಿ ನಾಟುತ್ತಿತ್ತು. ಕಾಡಿನಲ್ಲಿ, ನಿಶ್ಶಬ್ದವಾದ ಬೆಳಗಿನಲ್ಲಿ, ಜಿಂಕೆ ಇದ್ದ ಜಾಗದಲ್ಲಿ ಬಾಣ ಮುಟ್ಟುವಾಗ ಜಿಂಕೆ ಇರಲಿಲ್ಲ.

ಈ ಎಲ್ಲವನ್ನೂ ತೂಗಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು: ಬಿಳಿಬಾಲದ ಜಿಂಕೆಯ ಬೇಟೆಗೆ, ಈಗಿನ ಕಾಲದ ಗಟ್ಟಿ ತೋಳುಗಳ ರಿಕರ್ವ್ ಬಿಲ್ಲಿಗೆ, ಪೌಂಡಿಗೆ ಎಂಟೂವರೆಯಿಂದ ಒಂಬತ್ತು ಗ್ರೇನ್ ಹಗುರ ಬಾಣದ ಸರಿಯಾದ ಎಡೆ. ತಯಾರಕರು ಒಪ್ಪಿದರೆ 8 ಕೊನೆಯ ಮೆಟ್ಟಿಲು. ಸೆಳೆತ 50 ಪೌಂಡ್ ದಾಟಿದವರಿಗೆ ಹಗುರ ಬಾಣದ ಅಗತ್ಯವೇ ಅಷ್ಟಾಗಿ ಇರುವುದಿಲ್ಲ. ಇದು ಮುಖ್ಯವಾಗಿ 40ರಿಂದ 45 ಪೌಂಡಿನವರಿಗೆ, ಅದರಲ್ಲಿಯೂ ಗಿಡ್ಡ ಸೆಳೆತದವರಿಗೆ ಹೇಳುವ ಮಾತು.

ಹಗುರ ಮಾಡಬೇಕಾದದ್ದು ಹಿಂಭಾಗವನ್ನು

ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಬಾಣವನ್ನು ಹಗುರಗೊಳಿಸಲು ಮೊನೆಯ ತೂಕವನ್ನು ಇಳಿಸುವುದು. 125 ಗ್ರೇನಿನ ಮೊನೆಯನ್ನು ತಿರುಪಿ ತೆಗೆದು 100 ಗ್ರೇನಿನದನ್ನು ತಿರುಪಿ ಹಾಕುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನು ಮಾಡುತ್ತಾರೆ. ಆದರೆ ಬಾಣ ನೇರವಾಗಿ ಹಾರಲು, ನಾಟಿದ ಮೇಲೂ ಓರೆಯಾಗದೆ ಒಳಗೆ ನುಗ್ಗಲು ಬೇಕಾದದ್ದು ಮುಂಭಾಗದ ತೂಕ. ಕಡಿಮೆ ಮಾಡಬೇಕಾದದ್ದು ದಂಡ, ಗರಿ, ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿಯ ಕಚ್ಚು), ಬಣ್ಣದ ಸುತ್ತುಹಾಳೆ ಇವುಗಳ ತೂಕವನ್ನು.

ಇದು ಹೊಸ ತಿಳಿವಳಿಕೆಯೇನಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಬಳಿ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಇಷಿ, 1916ರಲ್ಲಿ ತೀರಿಕೊಳ್ಳುವವರೆಗೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದು, ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವರಿಗೆ ತನ್ನ ಬಿಲ್ಲುವಿದ್ಯೆಯನ್ನು ಕಲಿಸಿದ. ಅಮೆರಿಕದ ಇಂದಿನ ಸಾಂಪ್ರದಾಯಿಕ ಬಿಲ್ಲು ಬೇಟೆಯ ಬೇರುಗಳಲ್ಲಿ ಅದೂ ಒಂದು. ಅವನ ಬೇಟೆಯ ಬಿಲ್ಲಿನ ಸೆಳೆತ ಸುಮಾರು 40 ಪೌಂಡಿನದು. ಅವನ ಬಾಣಗಳ ಹಿಂದಿನ ಉದ್ದಭಾಗ ಹಗುರವಾದ ಕಡ್ಡಿಯದು, ಮುಂದಿನ ಗೇಣುದ್ದಕ್ಕೆ ಮಾತ್ರ ಗಡಸು ಮರದ ತುಂಡನ್ನು ಕೂಡಿಸಿ, ಅದರ ತುದಿಗೆ ಮೊನೆ ಕಟ್ಟುತ್ತಿದ್ದ. ಸಣ್ಣ ಸೆಳೆತದ ಬಿಲ್ಲಿಗೆ ಹಗುರ ಬಾಣ ಬೇಕು, ಹಗುರ ಬಾಣಕ್ಕೆ ಭಾರದ ಮುಂತುದಿ ಬೇಕು ಎಂಬ ಎರಡೂ ಮಾತು ಅದರಲ್ಲಿ ಅಡಗಿವೆ.

ಈಗ ದಂಡಕ್ಕೆ ಬರೋಣ. ಮರ, ಅಲ್ಯೂಮಿನಿಯಂ, ಕಾರ್ಬನ್ ಎಂಬ ಮೂರರಲ್ಲಿ ಹಗುರ ಬಾಣಕ್ಕೆ ಸಹಜವಾಗಿ ಒದಗುವುದು ಕಾರ್ಬನ್. ಒರೆಗಾನಿನ ಪೋರ್ಟ್ ಆರ್ಫರ್ಡ್ ಸೀಡರ್ ಮರದ ಬಾಣದ ಪರಿಮಳ, ಮುರಿದಾಗ ಮೂಗಿಗೆ ಬರುವ ಆ ಶುಂಠಿಯಂತಹ ವಾಸನೆ, ಇವನ್ನು ಮೆಚ್ಚಿದವರು ಮತ್ತೊಂದನ್ನು ಹಿಡಿಯಲಾರರು. ಆದರೆ ಮೊನೆ, ಗರಿ ಸೇರಿ ಮರದ ಬಾಣ ಸುಲಭವಾಗಿ 430 ಗ್ರೇನ್ ದಾಟುತ್ತದೆ. ಮರವೇ ಬೇಕೆಂದರೆ ತೂಕಕ್ಕೆ ಹೋಲಿಸಿದರೆ ಹೆಚ್ಚು ಗಡಸಾದ ಸಿಟ್ಕಾ ಸ್ಪ್ರೂಸ್ ನೋಡಬಹುದು. ಒಂದೊಂದು ದಂಡದ ತೂಕವೂ ಬೇರೆಯಿರುವುದರಿಂದ, ಹನ್ನೆರಡನ್ನು ಕೊಳ್ಳುವಾಗ ತೂಕದಲ್ಲಿಯೂ ಗಡಸಿನಲ್ಲಿಯೂ ಹೊಂದಿಸಿದ ಕಟ್ಟನ್ನೇ ಕೇಳಿ. ಅಲ್ಯೂಮಿನಿಯಂ ದಂಡ ನೇರ, ಅಗ್ಗ, ಒಂದಕ್ಕೊಂದು ಸಮ. ಅದರ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವ್ಯಾಸವನ್ನು ಅಂಗುಲದ 64ನೆಯ ಭಾಗಗಳಲ್ಲಿ, ಕೊನೆಯೆರಡು ಗೋಡೆಯ ದಪ್ಪವನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಹೇಳುತ್ತವೆ. 1916 ಎಂದರೆ 19/64 ಅಂಗುಲ ವ್ಯಾಸ, 0.016 ಅಂಗುಲ ಗೋಡೆ. ಅಂಗುಲಕ್ಕೆ ಸುಮಾರು 10 ಗ್ರೇನ್ ತೂಗುವ ಇದರ 29 ಅಂಗುಲದ ದಂಡವೇ 290 ಗ್ರೇನ್ ಆಯಿತು. ಕಾರ್ಬನ್‌ನಲ್ಲಿ ಅದೇ ಉದ್ದಕ್ಕೆ 200ರಿಂದ 230 ಗ್ರೇನ್ ಸಾಕು.

ಉದಾಹರಣೆಗೆ ಒಂದು ಬಾಣವನ್ನು ಕಟ್ಟಿ ನೋಡೋಣ. ಅಂಗುಲಕ್ಕೆ 7.4 ಗ್ರೇನ್ ತೂಗುವ ಕಾರ್ಬನ್ ದಂಡ 29 ಅಂಗುಲಕ್ಕೆ 215 ಗ್ರೇನ್. ಮುಂದಿನ ಬಾಯಿಗೆ ಅಂಟಿಸುವ ಅಲ್ಯೂಮಿನಿಯಂ ಇನ್ಸರ್ಟ್ 20. ಮೊನೆ 125. ನಾಕ್ 10. ನಾಲ್ಕಂಗುಲದ ಮೂರು ಗರಿ 9. ಒಟ್ಟು 379 ಗ್ರೇನ್. 45 ಪೌಂಡಿನ ಬಿಲ್ಲಿಗೆ ಪೌಂಡಿಗೆ 8.4. ಮೊನೆಯನ್ನು 145ಕ್ಕೆ ಏರಿಸಿದರೆ 399 ಗ್ರೇನ್, ಅಂದರೆ ಸುಮಾರು 8.9. ಈ ಎರಡನೆಯದೇ ನನಗೆ ಮೆಚ್ಚು. 100ಕ್ಕೆ ಇಳಿಸಿದರೆ 354, ಪೌಂಡಿಗೆ ಎಂಟಕ್ಕಿಂತ ಕೆಳಗೆ. ಗಳಿಕೆ ಏನೂ ಇಲ್ಲ, ಬಿಲ್ಲಿಗೆ ಪೆಟ್ಟು.

ಮುಂಭಾಗದ ತೂಕವನ್ನು ಅಳೆಯುವುದು ಸುಲಭ. ಮೊನೆ ಸಮೇತ ಪೂರ್ತಿ ಬಾಣವನ್ನು ಚಾಕುವಿನ ಬೆನ್ನಿನ ಮೇಲೆ ತೂಗಾಡಿಸಿ, ಸಮತೋಲ ನಿಲ್ಲುವ ಜಾಗಕ್ಕೆ ಗುರುತು ಹಾಕಿ, ನಾಕ್‌ನ ಹೆದೆ ಕೂರುವ ತಗ್ಗಿನಿಂದ ಆ ಗುರುತಿನವರೆಗೆ ಅಳೆಯಿರಿ. ಅದರಿಂದ ದಂಡದ ಉದ್ದದ ಅರ್ಧವನ್ನು ಕಳೆದು, ಉಳಿದದ್ದನ್ನು ಪೂರ್ತಿ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ. 29 ಅಂಗುಲದ ದಂಡದಲ್ಲಿ ಸಮತೋಲ 19½ ಅಂಗುಲದಲ್ಲಿ ಸಿಕ್ಕಿದರೆ ಶೇಕಡಾ 17. ಹಗುರ ಬೇಟೆಬಾಣಕ್ಕೆ ಇದು 15ಕ್ಕಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಸಾಕು.

ಗರಿಯ ಬಗ್ಗೆ ಎರಡು ಮಾತು. ಹಿಡಿಕೆಯ ಮೇಲಿನ ಕಟ್ಟೆಗೇ ಬಾಣವನ್ನು ತಾಗಿಸಿ ಬಿಡುವ ಬಿಲ್ಲಿಗೆ ಟರ್ಕಿ ಕೋಳಿಯ ನಿಜವಾದ ಗರಿಯೇ ಬೇಕು, ಅದು ತಾಗಿದರೆ ಮಡಿಸಿಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ರೆಕ್ಕೆ ಬಾಣವನ್ನೇ ಒದೆಯುತ್ತದೆ, ಮೇಲಾಗಿ ಗರಿಗಿಂತ ಭಾರ. ಐದಂಗುಲದ ಗರಿಯಿಂದ ನಾಲ್ಕಂಗುಲಕ್ಕೆ ಇಳಿದರೆ ಉಳಿಯುವುದು ಎರಡು ಮೂರು ಗ್ರೇನ್ ಮಾತ್ರವಾದರೂ, ಅದು ಬಾಣದ ತೀರ ಹಿಂದಿನ ತೂಕವಾದ್ದರಿಂದ ಸಮತೋಲದ ಮೇಲೆ ಅದರ ಪ್ರಭಾವ ಕಾಣುತ್ತದೆ. ಆದರೆ ಅಲಗುಗಳಿರುವ ಬೇಟೆಯ ಅಗಲ ಮೊನೆ ಹಾಕಿದಾಗ ನಾಲ್ಕಂಗುಲದ ಗರಿ ಬಾಣವನ್ನು ನೇರವಾಗಿ ಒಯ್ಯುತ್ತಿಲ್ಲವೆಂದು ಕಂಡರೆ ಎರಡು ಗ್ರೇನಿಗೆ ಆಸೆಪಡದೆ ಐದಂಗುಲಕ್ಕೆ ಮರಳಿ.

ಗಡಸು, ಬಳುಕು

ಬಿಟ್ಟ ಕ್ಷಣದಲ್ಲಿ ಬಾಣ ನೇರವಾಗಿ ಹೋಗುವುದಿಲ್ಲ. ಹೆದೆಯ ತಳ್ಳುವಿಕೆಗೆ ಬಿಲ್ಲಿನಂತೆಯೇ ಬಾಗಿ, ಹಿಡಿಕೆಯನ್ನು ಸುತ್ತಿಕೊಂಡು ದಾಟಿ, ಮತ್ತೆ ಆಚೆ ಬಾಗಿ, ಕೆಲವು ಗಜ ದಾಟುವಷ್ಟರಲ್ಲಿ ನೆಟ್ಟಗಾಗುತ್ತದೆ. ಎಷ್ಟು ಬಾಗಬೇಕೋ ಅಷ್ಟೇ ಬಾಗುವ ದಂಡ ಸಿಗದಿದ್ದರೆ ತೂಕದ ಲೆಕ್ಕವೆಲ್ಲ ವ್ಯರ್ಥ. ಓರೆಯಾಗಿ ಹಾರುವ ಹಗುರ ಬಾಣಕ್ಕಿಂತ ನೇರವಾಗಿ ಹಾರುವ ಭಾರದ ಬಾಣ ಎಲ್ಲ ವಿಧದಲ್ಲಿಯೂ ಮೇಲು.

ಈ ಗುಣಕ್ಕೆ ಸ್ಪೈನ್ ಎನ್ನುತ್ತಾರೆ. ಕಾರ್ಬನ್ ದಂಡವನ್ನು 28 ಅಂಗುಲ ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 880 ಗ್ರಾಂ ತೂಗುಹಾಕಿದಾಗ ಅರ್ಧ ಅಂಗುಲ ಬಾಗಿದರೆ ಅದರ ಸ್ಪೈನ್ 500, 0.6 ಅಂಗುಲ ಬಾಗಿದರೆ 600. ಅಂಕಿ ದೊಡ್ಡದಾದಷ್ಟೂ ದಂಡ ಬಳುಕುತ್ತದೆ ಎಂಬುದು ಹೊಸಬರನ್ನು ಗೊಂದಲಕ್ಕೆ ದೂಡುವ ಸಂಗತಿ. ಮರದ ದಂಡಕ್ಕೆ ಅಳತೆ ಬೇರೆ. 26 ಅಂಗುಲ ಅಂತರ, ಎರಡು ಪೌಂಡ್ ತೂಕ, ಮತ್ತು ಅದನ್ನು ಹೇಳುವುದು ಬಿಲ್ಲಿನ ಪೌಂಡ್‌ಗಳಲ್ಲಿ.

ಇದು ದಂಡದ ಸ್ವಂತ ಗುಣವಾಯಿತು. ಹಾರುವಾಗ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಉದ್ದ ಮತ್ತು ಮೊನೆಯ ತೂಕಗಳು ಬದಲಾಯಿಸುತ್ತವೆ. ದಂಡ ಉದ್ದವಾದಷ್ಟೂ, ಮೊನೆ ಭಾರವಾದಷ್ಟೂ ಬಾಣ ಹೆಚ್ಚು ಬಳುಕುತ್ತದೆ. ಗಿಡ್ಡವಾದಷ್ಟೂ, ಮೊನೆ ಹಗುರವಾದಷ್ಟೂ ಗಡಸಾಗುತ್ತದೆ. 200 ಗ್ರೇನಿನ ಮೊನೆಯೊಂದಿಗೆ 500 ಸ್ಪೈನಿನ ದಂಡ ಬಳಸುತ್ತಿದ್ದವರು, ದಂಡವನ್ನು ಹಾಗೇ ಉಳಿಸಿ ಮೊನೆಯನ್ನಷ್ಟೇ 125ಕ್ಕೆ ಇಳಿಸಿದರೆ ಬಾಣ ಒಮ್ಮೆಲೇ ಗಡಸಾಗಿ, ಬಲಗೈಯವರಿಗೆ ಎಡಕ್ಕೆ ಸರಿಯತೊಡಗುತ್ತದೆ. ಮೊನೆ ಇಳಿಸಿದರೆ ದಂಡವನ್ನೂ 600ಕ್ಕೆ ಬದಲಾಯಿಸಬೇಕು. ಅದೃಷ್ಟಕ್ಕೆ ಹೆಚ್ಚು ಬಳುಕುವ ದಂಡ ಸಾಮಾನ್ಯವಾಗಿ ತೂಕದಲ್ಲಿಯೂ ಕಡಿಮೆ, ಹಾಗಾಗಿ ನಮಗೆ ಬೇಕಾದ ಕಡೆಗೇ ಅದು ಸಾಗುತ್ತದೆ. 45 ಪೌಂಡಿನ ಬಿಲ್ಲಿಗೆ 28 ಅಂಗುಲ ಸೆಳೆಯುವವರು 29 ಅಂಗುಲದ 600 ಸ್ಪೈನ್ ದಂಡದಿಂದ ಆರಂಭಿಸಬಹುದು. ಆರಂಭ ಎನ್ನುವ ಪದವನ್ನು ಬೇಕೆಂದೇ ಬಳಸಿದ್ದೇನೆ, ಏಕೆಂದರೆ ಹಿಡಿಕೆ ಎಷ್ಟು ಒಳಕ್ಕೆ ಕತ್ತರಿಸಿದೆ, ಬಿಡುವ ಬೆರಳುಗಳು ಎಷ್ಟು ಹಗುರ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹನ್ನೆರಡರ ಕಟ್ಟು ಕೊಳ್ಳುವ ಮೊದಲು 500, 600, 700 ಸ್ಪೈನ್‌ಗಳ ಒಂದೊಂದು ದಂಡವನ್ನು ಬಿಡಿಯಾಗಿ ತಂದು ಪರೀಕ್ಷಿಸುವುದು ಹಣವನ್ನೂ ಬೇಸರವನ್ನೂ ಉಳಿಸುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ. ದಂಡವನ್ನು ಕತ್ತರಿಸದೆ ಪೂರ್ತಿ ಉದ್ದದಲ್ಲಿಟ್ಟು, ಬೇಟೆಯ ಮೊನೆಯಷ್ಟೇ ತೂಕದ ಅಭ್ಯಾಸದ ಮೊನೆ ಹಾಕಿ. ಗರಿಯಿರುವ ಮೂರು ಬಾಣ, ಗರಿಯಿಲ್ಲದ ಎರಡು ಬಾಣಗಳನ್ನು 10 ಗಜದಿಂದ ಆರಂಭಿಸಿ, ಆಮೇಲೆ 20 ಗಜದಿಂದ ಬಿಡಿ. ಬಲಗೈಯ ಬಿಲ್ಲುಗಾರರಿಗೆ ಗರಿಯಿಲ್ಲದ ಬಾಣ ಗರಿಯಿರುವುದರ ಬಲಕ್ಕೆ ಬಿದ್ದರೆ ದಂಡ ಬಳುಕು ಹೆಚ್ಚಾಯಿತು. ಕಾಲಂಗುಲದಷ್ಟು ಕತ್ತರಿಸಿ ಮತ್ತೆ ನೋಡಿ. ಎಡಕ್ಕೆ ಬಿದ್ದರೆ ಗಡಸು ಹೆಚ್ಚಾಯಿತು. ಮೊನೆಯ ತೂಕ ಏರಿಸಿ ಅಥವಾ ಹೆಚ್ಚು ಬಳುಕುವ ದಂಡಕ್ಕೆ ಹೋಗಿ. ಎಡಗೈಯವರಿಗೆ ಇದು ತಿರುವುಮುರುವು. ಒಂದು ಮೋಸವಿದೆ: ತೀರ ಬಳುಕುವ ದಂಡ ಕೆಲವೊಮ್ಮೆ ಹಿಡಿಕೆಗೆ ಬಡಿದು ಎಡಕ್ಕೆ ಸಿಡಿಯುತ್ತದೆ, ನೋಡುವವರಿಗೆ ಗಡಸು ದಂಡದಂತೆ ಕಾಣುತ್ತದೆ. ಹಿಡಿಕೆಯ ಬದಿಗೆ ಸ್ವಲ್ಪ ಪೌಡರ್ ಹಚ್ಚಿ, ಬಾಣ ಉಜ್ಜಿದ ಗುರುತು ಇದೆಯೇ ಎಂದು ನೋಡಿದರೆ ನಿಜ ಹೊರಬೀಳುತ್ತದೆ. ಮೇಲೆ ಕೆಳಗೆ ಬೀಳುವ ವ್ಯತ್ಯಾಸಕ್ಕೆ ದಂಡ ಕಾರಣವಲ್ಲ, ಹೆದೆಯ ಮೇಲೆ ನಾಕ್ ಕೂರುವ ಜಾಗ ಕಾರಣ. ಅದನ್ನು ಮೊದಲೇ ಸರಿಪಡಿಸಿಕೊಂಡಿರಬೇಕು.

ಕತ್ತರಿಸುವಾಗ ಎಲ್ಲಿ ನಿಲ್ಲಬೇಕು ಎಂಬುದೂ ಮುಖ್ಯ. ಪೂರ್ತಿ ಸೆಳೆದಾಗ ಮೊನೆಯ ಅಲಗು ಹಿಡಿಕೆಯ ಮುಂದೆ, ಬೆರಳುಗಳಿಂದ ದೂರ ಇರಬೇಕು. ಒಂದಂಗುಲವಾದರೂ ಹೆಚ್ಚುವರಿ ಉದ್ದ ಉಳಿಸಿ. ತೂಕ ಉಳಿಸಲೆಂದು ಈ ಅಂಗುಲವನ್ನು ಕತ್ತರಿಸಬೇಡಿ, ಉಳಿಯುವುದು ಏಳೆಂಟು ಗ್ರೇನ್ ಮಾತ್ರ.

ಮೊನೆ, ಕಾನೂನು, ಪ್ರಾಣಿ

ಹಗುರ ಬಾಣಕ್ಕೆ ಆಯ್ಕೆ ಕಿರಿದು. ಎರಡು ಅಲಗಿನ, ತುದಿಯಿಂದಲೇ ಕೊಯ್ಯತೊಡಗುವ, ಗಟ್ಟಿ ಉಕ್ಕಿನ ಮೊನೆ. ಅಗಲ ಒಂದರಿಂದ ಒಂದೂಕಾಲು ಅಂಗುಲ. ತಾಗಿದ ಮೇಲೆ ರೆಕ್ಕೆ ಬಿಚ್ಚಿಕೊಳ್ಳುವ ಯಾಂತ್ರಿಕ ಮೊನೆಗಳು ಬಿಚ್ಚಿಕೊಳ್ಳಲೂ ಅಗಲವಾಗಿ ಕೊಯ್ಯಲೂ ಬಾಣದ ಶಕ್ತಿಯನ್ನೇ ತಿನ್ನುತ್ತವೆ, 27 ಅಡಿ-ಪೌಂಡ್ ಹೊತ್ತ ಬಾಣಕ್ಕೆ ಅವು ಸಲ್ಲುವುದಿಲ್ಲ. ಪೆಟ್ಟಿಗೆಯಿಂದ ತೆಗೆದ ಮೊನೆ ಹರಿತವಾಗಿದೆ ಎಂದು ನಂಬದೆ ಸಾಣೆ ಹಿಡಿಯಿರಿ. ಮುಂಗೈಯ ಕೂದಲು ಸಲೀಸಾಗಿ ಬೋಳಿಸುವಷ್ಟು ಹರಿತವಾಗಬೇಕು. ತೂಕದಲ್ಲಿ ಬಿಟ್ಟುಕೊಟ್ಟದ್ದನ್ನು ಹರಿತದಲ್ಲಿ ಗಳಿಸಿಕೊಳ್ಳುವ ಅವಕಾಶವಿರುವುದು ಇಲ್ಲೊಂದೇ.

ಕಾನೂನು ಪ್ರತಿ ರಾಜ್ಯಕ್ಕೂ ಬೇರೆ. ಪೆನ್ಸಿಲ್ವೇನಿಯದಲ್ಲಿ ಬಿಲ್ಲಿನ ಸೆಳೆತ ಕನಿಷ್ಠ 35 ಪೌಂಡ್ ಇರಬೇಕು. ಕೊಲೊರಾಡೊದಲ್ಲಿಯೂ 35 ಪೌಂಡ್, ಜೊತೆಗೆ ಮೊನೆಯ ಅಗಲ 7/8 ಅಂಗುಲಕ್ಕೆ ಕಡಿಮೆಯಿರಬಾರದು. ಐಡಹೊ, ಮೊಂಟಾನ, ಅಲಾಸ್ಕಾಗಳಲ್ಲಿ ಮೊನೆ ಸೇರಿ ಬಾಣ 300 ಗ್ರೇನಿಗಿಂತ ಹಗುರವಿರುವಂತಿಲ್ಲ. 36 ಪೌಂಡಿನ ಬಿಲ್ಲಿಗೆ ಪೌಂಡಿಗೆ 8 ಎಂದು ಲೆಕ್ಕ ಹಾಕಿ ಹೋದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಮುಳ್ಳಿನಂತೆ ಹಿಂದಕ್ಕೆ ಬಾಗಿದ ಅಲಗುಗಳಿಗೂ ಕೆಲವೆಡೆ ನಿಷೇಧವಿದೆ. ನ್ಯೂಯಾರ್ಕಿನಂತಹ ರಾಜ್ಯಗಳಲ್ಲಿ ಬಿಲ್ಲು ಬೇಟೆಯ ಪ್ರತ್ಯೇಕ ತರಬೇತಿ ಪಡೆದ ಮೇಲೆಯೇ ಪರವಾನಗಿ. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಕೈಪಿಡಿಯನ್ನು ಓದಿಯೇ ಬಾಣ ಕಟ್ಟಬೇಕು.

ಇಲ್ಲಿ ಹೇಳಿದ ಬಾಣ ಜಿಂಕೆಗೆ ಮಾತ್ರ. ಎಲ್ಕ್, ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಜಾತಿಗಳಿಗೆ, ದೊಡ್ಡ ಕಾಡುಹಂದಿಗಳಿಗೆ ಇದು ಸಾಲದು. ಆಫ್ರಿಕಾದಲ್ಲಿ ಬಾಣಗಳ ನುಗ್ಗುವಿಕೆಯನ್ನು ದೀರ್ಘಕಾಲ ಪರೀಕ್ಷಿಸಿದ ಎಡ್ ಆಶ್ಬಿಯವರು ದಪ್ಪ ಮೂಳೆಯನ್ನು ನೆಚ್ಚಿಕೆಯಿಂದ ಭೇದಿಸಲು ಸುಮಾರು 650 ಗ್ರೇನ್ ಬೇಕೆಂದು ಹೇಳುತ್ತಾರೆ. ಜಿಂಕೆಯ ಬೇಟೆಗೂ ಅಷ್ಟೇ ಬೇಕೆಂದು ವಾದಿಸುವವರೂ ಇದ್ದಾರೆ; 42 ಪೌಂಡಿನ ಬಿಲ್ಲಿನಿಂದ 650 ಗ್ರೇನ್ ಬಿಟ್ಟು 20 ಗಜದಲ್ಲಿ ಗುರಿ ಹಿಡಿಯಲು ಕಷ್ಟಪಡುವುದಕ್ಕಿಂತ, 380 ಗ್ರೇನಿನ ಹರಿತ ಬಾಣವನ್ನು ಪಕ್ಕೆಲುಬುಗಳ ನಡುವೆ ಸರಿಯಾಗಿ ಇಡುವುದು ಲೇಸು ಎಂದು ನನಗನ್ನಿಸುತ್ತದೆ. ಆದರೆ ಅದಕ್ಕೊಂದು ಕಟ್ಟುಪಾಡಿದೆ. ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ಮುಖಮಾಡಿ ಓರೆಯಾಗಿ ನಿಂತಿರಬೇಕು. ನಮ್ಮೆಡೆಗೆ ತಿರುಗಿ ನಿಂತ ಜಿಂಕೆಯ ಹೆಗಲ ಮೂಳೆಯ ಮೇಲೆ ಹಗುರ ಬಾಣ ಬಿಡುವುದು ಗಾಯಗೊಂಡ ಪ್ರಾಣಿಯನ್ನು ಕಾಡಿಗೆ ಅಟ್ಟಿದಂತೆ. ಭಾರದ ಬಾಣ ಕ್ಷಮಿಸುವ ಕೆಲವು ತಪ್ಪುಗಳನ್ನು ಹಗುರ ಬಾಣ ಕ್ಷಮಿಸುವುದಿಲ್ಲ.

ಕೊನೆಯ ಹೊಂದಾಣಿಕೆ

ದಂಡ, ಮೊನೆ ನಿರ್ಧಾರವಾದ ಮೇಲೆ ಬಿಲ್ಲನ್ನು ಸದ್ದಡಗಿಸುವ ಕೆಲಸ ಉಳಿಯುತ್ತದೆ. ಹೆದೆಯನ್ನು ನಾಲ್ಕೈದು ಸುತ್ತು ತಿರುಚಿ ಹಿಡಿಕೆಗೂ ಹೆದೆಗೂ ನಡುವಿನ ಅಂತರವನ್ನು ತಯಾರಕರು ಹೇಳಿದ ಮಿತಿಯೊಳಗೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಪ್ರತಿ ಸಲವೂ ಬಾಣ ಬಿಟ್ಟು ಕೇಳಿ. ಎಲ್ಲೋ ಒಂದು ಕಡೆ ಸದ್ದು ತಟ್ಟನೆ ಮೆತ್ತಗಾಗುತ್ತದೆ. ಹೆದೆಯ ಮೇಲೂ ಕೆಳಗೂ ಉಣ್ಣೆ ದಾರದ ಕುಚ್ಚು ಕಟ್ಟಿದರೆ ಇನ್ನಷ್ಟು ತಗ್ಗುತ್ತದೆ. ನಾಕ್ ಹೆದೆಯನ್ನು ಬಿಗಿಯಾಗಿ ಕಚ್ಚಬಾರದು. ಬಾಣವನ್ನು ಹೆದೆಗೆ ಸಿಕ್ಕಿಸಿ ನೇತುಬಿಟ್ಟರೆ ನಿಲ್ಲಬೇಕು, ಹೆದೆಯನ್ನು ಬೆರಳಿನಿಂದ ತಟ್ಟಿದರೆ ಕಳಚಿ ಬೀಳಬೇಕು.

ಆಮೇಲೆ ಬೇಟೆಯ ಮೊನೆಯನ್ನೇ ಹಾಕಿ, ಅದಕ್ಕೆಂದೇ ಇರುವ ದಪ್ಪ ಫೋಮ್ ಗುರಿಗೆ ಬಿಟ್ಟು ನೋಡಬೇಕು. ಅಭ್ಯಾಸದ ಮೊನೆ ಬಿದ್ದ ಜಾಗದಲ್ಲಿಯೇ ಅಗಲ ಮೊನೆಯೂ ಬೀಳದಿದ್ದರೆ ಹೊಂದಾಣಿಕೆ ಮುಗಿದಿಲ್ಲ. ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿದಾಗ ಇನ್ಸರ್ಟ್ ಹತ್ತಿರ ಅಲುಗಾಡಿದರೆ ಮೊನೆ ಓರೆಯಾಗಿ ಕೂತಿದೆ ಎಂದರ್ಥ. ದಂಡದ ಬಾಯಿಯನ್ನು ಮರಳು ಕಾಗದದಿಂದ ಸಮಗೊಳಿಸಿ ಮತ್ತೆ ಅಂಟಿಸಬೇಕು. ಪ್ರತಿ ಬಾಣಕ್ಕೂ ಸಂಖ್ಯೆ ಬರೆದು ಪ್ರತ್ಯೇಕವಾಗಿ ತೂಗಿ, ಐದು ಗ್ರೇನಿಗಿಂತ ಹೆಚ್ಚು ವ್ಯತ್ಯಾಸವಿರುವುದನ್ನು ಅಭ್ಯಾಸಕ್ಕೆ ಬಿಟ್ಟು, ಗುರಿಯಲ್ಲಿ ಅತ್ಯಂತ ಒತ್ತಾಗಿ ಬೀಳುವ ಮೂರು ನಾಲ್ಕನ್ನು ಬತ್ತಳಿಕೆಗೆ ಆರಿಸಿಕೊಳ್ಳಿ.

ಗೋಡೆ ತೆಳ್ಳಗಿರುವ ಹಗುರ ಕಾರ್ಬನ್ ದಂಡ ಕಲ್ಲಿಗೋ ಮರಕ್ಕೋ ಬಡಿದಾಗ ಹೊರಗೆ ಕಾಣದಂತೆ ಒಳಗೇ ಸೀಳಬಹುದು, ಅಂತಹ ದಂಡ ಮುಂದಿನ ಸಲ ಬಿಡುವಾಗ ಕೈಯೊಳಗೇ ಸಿಡಿಯಬಹುದು. ಆದ್ದರಿಂದ ಹೂಡುವ ಮೊದಲು ಪ್ರತಿ ಸಲವೂ ಎರಡು ತುದಿ ಹಿಡಿದು, ಮುಖದಿಂದ ದೂರಕ್ಕೆ, ನಾಲ್ಕೂ ಬದಿಗೆ ತಿರುಗಿಸುತ್ತ ಮೆಲ್ಲಗೆ ಬಾಗಿಸಿ ಕಿವಿಗೊಟ್ಟು ಕೇಳಿ. ಚಿಟ್ ಎಂಬ ಸಣ್ಣ ಸದ್ದು ಬಂದರೂ ಆ ದಂಡವನ್ನು ಅಲ್ಲಿಯೇ ಎರಡು ತುಂಡು ಮಾಡಿ ಚೀಲಕ್ಕೆ ಹಾಕಿಕೊಳ್ಳಿ, ಮತ್ತಾರೂ ಅದನ್ನು ಹೆಕ್ಕಿ ಹೂಡದಿರಲಿ.